ಜೋಹಾನ್ಸ್‌ಬರ್ಗ್‌ನ ಒಂದು ದಿನದ ಹೋರಾಟದ ಪ್ರವಾಸ: ಖಂಡಿತ ಹೋಗಿ, ಆದರೆ ಪ್ರಿಟೋರಿಯಾಗೆ ಜಾಸ್ತಿ ಹೊತ್ತು ಕೇಳಿ

ಐದಕ್ಕೆ ಮೂರೂವರೆ ಸ್ಟಾರ್. ನೋಡಿದ ಜಾಗಗಳಿಗೆ ಐದಕ್ಕೆ ಐದು, ಗೈಡ್‌ಗೂ ಐದು. ಕಳೆದ ಒಂದೂವರೆ ಸ್ಟಾರ್ ಟೂರ್ ಕಂಪನಿಯ ವೇಳಾಪಟ್ಟಿಯ ಲೆಕ್ಕಕ್ಕೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಊರುಗಳನ್ನು ಇದೇ ಕ್ರಮದಲ್ಲಿ ತೋರಿಸುವ ಕಂಪನಿಗಳು ಅಲ್ಲಿ ಸುಮಾರಿವೆ, ಯಾರ ಹತ್ತಿರ ಬುಕ್ ಮಾಡಿದರೂ ಕೆಳಗೆ ಬರೆದದ್ದನ್ನು ಓದಿಕೊಂಡು ಮೊದಲೇ ಮಾತಾಡಿಕೊಳ್ಳಿ ಅನ್ನುವುದಷ್ಟೇ ನನ್ನ ಉದ್ದೇಶ.

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಸರ್ಕಾರದ ವಿರುದ್ಧ ನಡೆದ ಹೋರಾಟದ ಜಾಗಗಳನ್ನು ತೋರಿಸುವ ಪ್ರವಾಸ ಇದು. ಬೆಳಿಗ್ಗೆ ಹೋಟೆಲ್ಲಿಗೇ ವ್ಯಾನ್ ಬರುತ್ತದೆ. ಮೊದಲು ಊರಿನ ಉತ್ತರಕ್ಕಿರುವ ರಿವೋನಿಯಾದಲ್ಲಿ ಲಿಲೀಸ್‌ಲೀಫ್ ಫಾರ್ಮ್, ಆಮೇಲೆ ನಗರದೊಳಗಿನ ಕಾನ್‌ಸ್ಟಿಟ್ಯೂಷನ್ ಹಿಲ್, ಊಟ, ಮಧ್ಯಾಹ್ನದ ಮೇಲೆ ಪ್ರಿಟೋರಿಯಾ, ಸಂಜೆ ವಾಪಸ್. ಆಫೀಸ್ ಕೆಲಸದ ಮೇಲೆ ಹೋಗಿ ಒಂದು ದಿನ ಬಿಡುವು ಸಿಕ್ಕವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಸಿಂಹ, ಜಿರಾಫೆ ನೋಡುವ ಆಸೆ ಇದ್ದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ನಾನು ಹೋದದ್ದು ಒಂದು ಪ್ರಶ್ನೆ ಇಟ್ಟುಕೊಂಡು. ನಮ್ಮ ಕಡೆ ನೆಲ್ಸನ್ ಮಂಡೇಲಾ ಅಂದರೆ ಎರಡನೇ ಗಾಂಧಿ. ಶಾಲೆಯ ಭಾಷಣದಿಂದ ಹಿಡಿದು ವಾಟ್ಸಾಪ್ ಸಂದೇಶದವರೆಗೂ ನಗುವ ಅಜ್ಜನ ಚಿತ್ರ, ಕ್ಷಮೆಯ ಮಾತು. ಆದರೆ ಅವರನ್ನು ಜೀವಾವಧಿ ಜೈಲಿಗೆ ಹಾಕಿದ್ದು ಉಪವಾಸ ಕೂತಿದ್ದಕ್ಕಲ್ಲ. ಸರ್ಕಾರದ ಆಸ್ತಿಗೆ ಬಾಂಬ್ ಇಡುವ ಗುಪ್ತ ಸಂಘಟನೆ ಕಟ್ಟಿದ್ದಕ್ಕೆ. ಇದನ್ನು ಅವರು ಕೋರ್ಟಿನಲ್ಲಿ ನಿಂತು ತಾವೇ ಒಪ್ಪಿಕೊಂಡರು. ಹಾಗಾದರೆ ಬಂದೂಕು ಎತ್ತುವ ಮೊದಲು ಈ ಜನ ತಮ್ಮ ತಮ್ಮಲ್ಲಿ ಏನು ಮಾತಾಡಿಕೊಂಡರು? ಎಲ್ಲಿ ಗೆರೆ ಎಳೆದರು? ಆ ಗೆರೆ ಉಳಿಯಿತಾ? ಇದು ನನ್ನನ್ನು ಬಹಳ ಕಾಲದಿಂದ ಕಾಡಿದ ವಿಷಯ.

ಲಿಲೀಸ್‌ಲೀಫ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ದುಡ್ಡು ವಸೂಲಾಗುವ ಜಾಗ ಅದು.

ಈಗ ಸುತ್ತ ಶ್ರೀಮಂತರ ಬಡಾವಣೆ. ಆಗ ಊರಾಚೆಯ ತೋಟ. 1961ರಲ್ಲಿ ದಕ್ಷಿಣ ಆಫ್ರಿಕಾದ ಕಮ್ಯುನಿಸ್ಟ್ ಪಕ್ಷ ಇದನ್ನು ಗುಟ್ಟಾಗಿ ಕೊಂಡಿತು. ಹೊರಗಿನವರ ಕಣ್ಣಿಗೆ ಇದು ಬಿಳಿಯ ಕಲಾವಿದ ಆರ್ಥರ್ ಗೋಲ್ಡ್‌ರೀಚ್ ಹೆಂಡತಿ ಮಕ್ಕಳ ಜೊತೆ ಇರುವ ಮನೆ. ಹಿತ್ತಿಲ ಕೋಣೆಯಲ್ಲಿ ಡೇವಿಡ್ ಮೋಟ್ಸಮಾಯಿ ಅನ್ನುವ ಹೆಸರಿನ ಕೆಲಸದಾಳು, ನೀಲಿ ಓವರ್‌ಆಲ್ ಹಾಕಿಕೊಂಡು ಓಡಾಡುತ್ತಿದ್ದ. ಅದೇ ಮಂಡೇಲಾ. ವರ್ಣಭೇದದ ಆ ದೇಶದಲ್ಲಿ ಬಿಳಿಯರ ಮನೆಯ ಕಪ್ಪು ಆಳನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದೇ ಅವರಿಗೆ ಮರೆಯಾಯಿತು.

ಗೈಡ್ ಕಪ್ಪು ಜನರ ಬಡಾವಣೆಯಾದ ಸೊವೆಟೊದವರು, ವಯಸ್ಸಾದವರು. 1976ರ ಜೂನ್ 16ರಂದು ಪೊಲೀಸರು ಶಾಲಾ ಮಕ್ಕಳ ಮೇಲೆ ಗುಂಡು ಹಾರಿಸಿದಾಗ ಇವರೂ ಶಾಲೆಯ ಹುಡುಗ. ಆಮೇಲೆ ಇವರ ತರಗತಿಯ ಕೆಲವರು ಗಡಿ ದಾಟಿ ಹೋಗಿ ಸಶಸ್ತ್ರ ಹೋರಾಟ ಸೇರಿದರು, ಇವರು ಹೋಗಲಿಲ್ಲ. ಹಾಗಾಗಿ ಎರಡೂ ಕಡೆಯ ಮಾತು ಇವರಿಗೆ ಗೊತ್ತು. ಕಲಿತ ಪಾಠ ಒಪ್ಪಿಸುವ ಗೈಡ್ ಅಲ್ಲ. ಪ್ರಶ್ನೆ ಕೇಳಿದರೆ ನಿಂತು ಯೋಚಿಸಿ ಉತ್ತರ ಹೇಳುತ್ತಾರೆ. ನೀವು ಹೋದಾಗ ಇಂಥವರು ಸಿಗಲಿ.

ಅವರು ಕಥೆ ಶುರು ಮಾಡಿದ್ದು ಶಾರ್ಪ್‌ವಿಲ್‌ನಿಂದ. 1960ರ ಮಾರ್ಚ್ 21. ಕಪ್ಪು ಜನ ಸದಾ ಜೇಬಿನಲ್ಲಿ ಇಟ್ಟುಕೊಳ್ಳಬೇಕಾಗಿದ್ದ ಪಾಸ್ ಪುಸ್ತಕದ ವಿರುದ್ಧ ಜನ ಪೊಲೀಸ್ ಠಾಣೆ ಮುಂದೆ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಅಧಿಕೃತ ಲೆಕ್ಕದಲ್ಲಿ 69 ಜನ ಸತ್ತರು, ಎಷ್ಟೋ ಜನರಿಗೆ ಗುಂಡು ಬಿದ್ದದ್ದು ಬೆನ್ನಿಗೆ. ಮುಂದಿನ ತಿಂಗಳು ಮಂಡೇಲಾರ ಪಕ್ಷವಾದ ಎಎನ್‌ಸಿ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್) ಮತ್ತು ಇನ್ನೊಂದು ಹೋರಾಟದ ಪಕ್ಷ ಪಿಎಸಿ ಎರಡೂ ನಿಷೇಧ. ಸಭೆ ಸೇರುವಂತಿಲ್ಲ, ಕರಪತ್ರ ಹಂಚುವಂತಿಲ್ಲ, ಮತವಂತೂ ಮೊದಲೇ ಇಲ್ಲ.

ಇಲ್ಲಿಂದ ಮುಂದೆ ನಾವು ಸಾಮಾನ್ಯವಾಗಿ ಅಂದುಕೊಳ್ಳುವುದು ಏನು? ಎಲ್ಲರೂ ಒಟ್ಟಾಗಿ ಸಿಟ್ಟೆದ್ದು ಶಸ್ತ್ರ ಹಿಡಿದರು ಅಂತ. ಹಾಗಾಗಲಿಲ್ಲ. 1961ರಲ್ಲಿ ಅವರೊಳಗೆ ರಾತ್ರಿಯಿಡೀ ಜಗಳ ನಡೆಯಿತು. ಮಂಡೇಲಾ ಶಸ್ತ್ರದ ಪರ. ಕಾಡುಮೃಗ ಮೈಮೇಲೆ ಬಂದಾಗ ಬರಿಗೈಯಲ್ಲಿ ತಡೆಯಲಾಗದು ಅನ್ನುವ ಅರ್ಥದ ಅವರ ಕಡೆಯ ಗಾದೆಯನ್ನು ಅವರು ಆಗ ಬಳಸಿದರು. ಕಮ್ಯುನಿಸ್ಟ್ ನಾಯಕ ಮೋಸೆಸ್ ಕೊಟಾನೆ ಮೊದಲಿಗೆ ಇದನ್ನು ಒಪ್ಪಲಿಲ್ಲ. ಎಎನ್‌ಸಿ ಅಧ್ಯಕ್ಷ ಆಲ್ಬರ್ಟ್ ಲುತುಲಿ ಕ್ರೈಸ್ತ ನಂಬಿಕೆಯ ಅಹಿಂಸಾವಾದಿ, ಅವರ ಮನಸ್ಸೂ ಒಪ್ಪಲಿಲ್ಲ. ಭಾರತೀಯ ಮೂಲದ ನಾಯಕರಲ್ಲಿ ಡಾ. ಮಾಂಟಿ ನಾಯ್ಕರ್ ವಿರೋಧಿಸಿದರು. ಜೆ. ಎನ್. ಸಿಂಗ್ ಹೇಳಿದ ಮಾತನ್ನು ಮಂಡೇಲಾ ಎಷ್ಟೋ ವರ್ಷದ ನಂತರವೂ ನೆನೆಸಿಕೊಂಡಿದ್ದಾರೆ. ಅಹಿಂಸೆ ಸೋತಿಲ್ಲ, ಅಹಿಂಸೆಯನ್ನು ಸರಿಯಾಗಿ ನಡೆಸುವುದರಲ್ಲಿ ನಾವು ಸೋತಿದ್ದೇವೆ ಅನ್ನುವುದು ಆ ಮಾತಿನ ಸಾರ.

ಈ ಮಾತು ಕೇಳಿ ನಾನು ಅಲ್ಲೇ ನಿಂತುಬಿಟ್ಟೆ. ಏಕೆಂದರೆ ಇದನ್ನು ಹೇಳಿದವರು ಹೊರಗೆ ಕೂತು ಬುದ್ಧಿ ಹೇಳುವವರಲ್ಲ, ಅದೇ ಸರ್ಕಾರದಿಂದ ಏಟು ತಿಂದವರೇ. ಸರ್ಕಾರದ ವಿರುದ್ಧ ಹಿಂಸೆ ಸರಿಯಾ ತಪ್ಪಾ ಅನ್ನುವ ವಾದ ನಮ್ಮಲ್ಲಿ ಯಾವಾಗಲೂ ಹೋರಾಟಗಾರರು ಒಂದು ಕಡೆ, ಉಳಿದವರು ಇನ್ನೊಂದು ಕಡೆ ಅನ್ನುವ ಹಾಗೆ ನಡೆಯುತ್ತದೆ. ನಿಜವಾಗಿ ಅತಿ ಗಟ್ಟಿಯಾದ ವಾದ ನಡೆಯುವುದು ಹೋರಾಟಗಾರರ ಒಳಗೇ. ಈ ಪ್ರವಾಸದ ದೊಡ್ಡ ಲಾಭ ಅಂದರೆ ಆ ಒಳಗಿನ ವಾದವನ್ನು ಆ ಹೋರಾಟಗಾರರು ಓಡಾಡಿದ ಜಾಗದಲ್ಲೇ ಕೇಳಬಹುದು.

ಕೊನೆಗೆ ಒಂದು ನಡುದಾರಿ ಹಿಡಿದರು. ಎಎನ್‌ಸಿ ಅಹಿಂಸೆಯ ನೀತಿಯಲ್ಲೇ ಇರಲಿ, ಶಸ್ತ್ರದ ಕೆಲಸಕ್ಕೆ ಬೇರೆ ಸಂಘಟನೆ ಆಗಲಿ. ಅದರ ಹೆಸರು ಉಮ್ಖೊಂಟೊ ವೆ ಸಿಜ್ವೆ, ದೇಶದ ಈಟಿ. ಎಲ್ಲರೂ ಎಂಕೆ ಅನ್ನುತ್ತಾರೆ. 1961ರ ಡಿಸೆಂಬರ್ 10ರಂದು ಲುತುಲಿ ಓಸ್ಲೋದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ತೆಗೆದುಕೊಂಡರು. ಆರು ದಿನ ಕಳೆದು, ಡಿಸೆಂಬರ್ 16ರಂದು, ಎಂಕೆಯ ಮೊದಲ ಬಾಂಬ್‌ಗಳು ಸಿಡಿದವು. ಆ ರಾತ್ರಿಯೇ ಎಂಕೆಯ ಒಬ್ಬ ಹುಡುಗ, ಪೆಟ್ರಸ್ ಮೊಲೆಫೆ, ತಾನು ಇಡಲು ಹೋದ ಬಾಂಬಿಗೇ ಬಲಿಯಾದ.

ಗುರಿ ಏನಿತ್ತು? ಪಾಸ್ ಕಚೇರಿ, ವಿದ್ಯುತ್ ಕಂಬ, ರೈಲ್ವೆ ಸಿಗ್ನಲ್. ಜನರಿಲ್ಲದ ಹೊತ್ತು ನೋಡಿ ಇಡಬೇಕು, ಯಾರ ಜೀವವೂ ಹೋಗಬಾರದು. ಇದನ್ನೇ ಮಂಡೇಲಾ 1964ರ ಏಪ್ರಿಲ್ 20ರಂದು ಕೋರ್ಟಿನಲ್ಲಿ ಬಿಡಿಸಿ ಹೇಳಿದರು. ನಮ್ಮ ಮುಂದೆ ನಾಲ್ಕು ದಾರಿ ಇತ್ತು: ವಿಧ್ವಂಸ, ಗೆರಿಲ್ಲಾ ಯುದ್ಧ, ಭಯೋತ್ಪಾದನೆ, ಬಹಿರಂಗ ಕ್ರಾಂತಿ. ಮೊದಲನೆಯದನ್ನು ಆರಿಸಿದೆವು, ಏಕೆಂದರೆ ಅದರಲ್ಲಿ ಜೀವ ಹೋಗುವುದಿಲ್ಲ, ಮುಂದೆ ಕಪ್ಪು ಬಿಳಿ ಜನ ಒಟ್ಟಿಗೆ ಬಾಳಬೇಕಾದಾಗ ನಡುವೆ ಹಗೆ ಉಳಿಯಬಾರದು. ಇದು ಅವರ ವಾದದ ತಿರುಳು. ಗೆದ್ದ ಮೇಲೆ ಇದೇ ಜನರ ಜೊತೆ ಬದುಕಬೇಕು ಅನ್ನುವ ಲೆಕ್ಕ ಮೊದಲ ಬಾಂಬ್ ಇಡುವಾಗಲೇ ಇತ್ತು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸಿತು.

ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ತೋಟದ ಹುಲ್ಲಿನ ಮಾಡಿನ ಕೋಣೆಯಲ್ಲಿ ಗೈಡ್ ಸುಮಾರು ಹೊತ್ತು ಕೂರಿಸಿಕೊಂಡು ‘ಆಪರೇಷನ್ ಮಾಯಿಬುಯೆ’ ವಿಷಯ ಹೇಳಿದರು. ಹೊರದೇಶದಲ್ಲಿ ತರಬೇತಾದ ಗೆರಿಲ್ಲಾ ತಂಡಗಳನ್ನು ಹಡಗಿನಲ್ಲೋ ವಿಮಾನದಲ್ಲೋ ತಂದು ಇಳಿಸುವುದು, ಒಳಗಿನ ಸಾವಿರಾರು ಜನ ಅವರ ಜೊತೆ ಸೇರುವುದು, ಹೀಗೆ ಒಂದು ಯೋಜನೆ. ಕ್ಯೂಬಾದಲ್ಲಿ ಸಣ್ಣ ಗೆರಿಲ್ಲಾ ತಂಡ ಸರ್ಕಾರ ಉರುಳಿಸಿದ್ದು ಆಗ ಎಲ್ಲರ ತಲೆಯಲ್ಲಿತ್ತು. ನಾಯಕರಲ್ಲಿ ಗೊವಾನ್ ಎಂಬೆಕಿ ಮತ್ತು ಜೋ ಸ್ಲೋವೊ ಇದರ ಪರ. ಅಹ್ಮದ್ ಕತ್ರಾಡಾ, ರಸ್ಟಿ ಬರ್ನ್‌ಸ್ಟೈನ್ ಇದು ಆಗದ ಹೋಗದ ಕೆಲಸ ಅಂದರು. ವಾಲ್ಟರ್ ಸಿಸುಲು ಅವರಿಗೂ ಅನುಮಾನವಿತ್ತು. ಇದೇ ವಿಷಯ ಮಾತಾಡಲು 1963ರ ಜುಲೈ 11ರಂದು ಸೇರಿದ್ದರು. ಆಗ ಡ್ರೈ ಕ್ಲೀನಿಂಗ್ ಕಂಪನಿಯ ವ್ಯಾನ್ ಒಂದು ಅಂಗಳಕ್ಕೆ ಬಂತು. ಬಾಗಿಲು ತೆರೆದರೆ ಒಳಗಿದ್ದದ್ದು ಪೊಲೀಸರು, ನಾಯಿ. ಆ ಯೋಜನೆಯ ಕಾಗದವೂ ಸಿಕ್ಕಿತು.

ಅಂದರೆ ಜಗಳ ಮುಗಿಯುವ ಮೊದಲೇ ಜೈಲು ಬಂತು. ಆಮೇಲೆ ನಡೆದ ರಿವೋನಿಯಾ ಮೊಕದ್ದಮೆಯಲ್ಲಿ ಸರ್ಕಾರ ಈ ಕಾಗದವನ್ನೇ ಮುಖ್ಯ ಸಾಕ್ಷಿ ಮಾಡಿಕೊಂಡಿತು. 1962ರಲ್ಲೇ ಸಿಕ್ಕಿಬಿದ್ದು ಜೈಲಿನಲ್ಲಿದ್ದ ಮಂಡೇಲಾ ಕೂಡ ಅದರಲ್ಲಿ ಆರೋಪಿ. ಬ್ರಾಮ್ ಫಿಷರ್ ನಡೆಸಿದ ವಕೀಲರ ತಂಡ, ಇದು ಚರ್ಚೆಯಲ್ಲಿತ್ತು, ತೀರ್ಮಾನ ಆಗಿರಲಿಲ್ಲ ಅಂತ ವಾದಿಸಿತು. ನ್ಯಾಯಾಧೀಶ ಕ್ವಾರ್ಟಸ್ ಡಿ ವೆಟ್ ಗೆರಿಲ್ಲಾ ಯುದ್ಧದ ತೀರ್ಮಾನ ಆಗಿರಲಿಲ್ಲ ಅನ್ನುವುದನ್ನು ಒಪ್ಪಿದರು. ನೇಣು ತಪ್ಪಿ ಜೀವಾವಧಿ ಆಯಿತು. 1964ರ ಜೂನ್ 12. ಎಂಟು ಜನ. ಅವರಲ್ಲಿ ಬಿಳಿಯನಾದ ಡೆನಿಸ್ ಗೋಲ್ಡ್‌ಬರ್ಗ್ ಒಬ್ಬರನ್ನು ಪ್ರಿಟೋರಿಯಾದ ಜೈಲಿನಲ್ಲಿಟ್ಟರು. ಉಳಿದ ಏಳು ಜನ ರಾಬೆನ್ ದ್ವೀಪಕ್ಕೆ. ಜೈಲಿನಲ್ಲೂ ಬಣ್ಣ ನೋಡಿ ಬೇರೆ ಮಾಡಿದರು.

ಲಿಲೀಸ್‌ಲೀಫ್‌ನಲ್ಲಿ ಇನ್ನೆರಡು ವಿಷಯ. ಇಥಿಯೋಪಿಯಾದಲ್ಲಿ ಮಂಡೇಲಾಗೆ ಉಡುಗೊರೆಯಾಗಿ ಸಿಕ್ಕ ಪಿಸ್ತೂಲನ್ನು ಅವರು ಇಲ್ಲೇ ಎಲ್ಲೋ ಹೂತಿಟ್ಟರು, ಇನ್ನೂ ಸಿಕ್ಕಿಲ್ಲ. ಇನ್ನೊಂದು, ದೊಡ್ಡ ಸಫಾರಿ ಟ್ರಕ್. 1980ರ ದಶಕದ ಕೊನೆಯಿಂದ ಲಂಡನ್ನಿನ ಒಂದು ಟೂರ್ ಕಂಪನಿ ಯುರೋಪಿನ ಯುವಕರನ್ನು ಆಫ್ರಿಕಾ ತಿರುಗಿಸಲು ಕರೆತರುತ್ತಿತ್ತು. ಆಫ್ರಿಕಾ ಹಿಂಟರ್‌ಲ್ಯಾಂಡ್ ಅದರ ಹೆಸರು. ಕಂಪನಿ ನಡೆಸಿದ್ದೇ ಎಎನ್‌ಸಿಗಾಗಿ. ಸೀಟುಗಳ ಕೆಳಗಿನ ಗುಪ್ತ ಪೆಟ್ಟಿಗೆಗಳಲ್ಲಿ ಪ್ರತಿ ಸಲ ಸುಮಾರು ಒಂದು ಟನ್ ಶಸ್ತ್ರ. ಒಟ್ಟು ಸುಮಾರು 40 ಟನ್ ಹೀಗೆ ಗಡಿ ದಾಟಿತು. ಮೇಲೆ ಕೂತ ಪ್ರವಾಸಿಗರಿಗೆ ಏನೂ ಗೊತ್ತಿರಲಿಲ್ಲ.

ನಮ್ಮ ಗುಂಪಿನಲ್ಲಿ ಈ ಟ್ರಕ್ ಮುಂದೆಯೇ ಅತಿ ಬಿಸಿ ಮಾತು ನಡೆಯಿತು. ಒಬ್ಬರು ಎಂಥ ಬುದ್ಧಿವಂತಿಕೆ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಗೊತ್ತಿಲ್ಲದ ಹುಡುಗ ಹುಡುಗಿಯರನ್ನು ಬಂದೂಕಿನ ಪೆಟ್ಟಿಗೆಯ ಮೇಲೆ ಕೂರಿಸಿ ಗಡಿ ದಾಟಿಸುವುದು, ಸಿಕ್ಕಿಬಿದ್ದರೆ ಅವರ ಗತಿ ಏನು? ಜೀವ ಹೋಗಬಾರದು ಅಂತ 1961ರಲ್ಲಿ ಎಚ್ಚರ ವಹಿಸಿದವರ ಸಂಘಟನೆ ಇಲ್ಲಿಗೆ ಬಂದು ನಿಂತಿತ್ತು. ಗೈಡ್ ನನ್ನ ಮಾತನ್ನು ತಳ್ಳಿಹಾಕಲಿಲ್ಲ. ಆ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಸೈನ್ಯದ ಗಾಡಿ ಓಡಾಡುತ್ತಿತ್ತು, ಈ ಪ್ರಶ್ನೆ ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ, ಆದರೆ ಕೇಳಬೇಕಾದ ಪ್ರಶ್ನೆಯೇ ಅಂದರು.

ಇಲ್ಲಿಗೆ ಹೋಗುವವರಿಗೆ ಒಂದು ಸೂಚನೆ. ಈ ಮ್ಯೂಸಿಯಂ 2021ರಲ್ಲಿ ಹಣವಿಲ್ಲದೆ ಬಾಗಿಲು ಮುಚ್ಚಿತ್ತು, ಆಮೇಲೆ ಮತ್ತೆ ತೆರೆದಿದೆ. ತೆರೆದಿರುವ ದಿನ, ಹೊತ್ತು ಹೊರಡುವ ಮೊದಲು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಕಾನ್‌ಸ್ಟಿಟ್ಯೂಷನ್ ಹಿಲ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚುಟುಕಾಗಿ ಹೇಳುತ್ತೇನೆ. ಹಳೆಯ ಜೈಲು, ಈಗ ಅದೇ ಆವರಣದಲ್ಲಿ ಸಂವಿಧಾನ ನ್ಯಾಯಾಲಯ. ಕೆಡವಿದ ಜೈಲಿನ ಇಟ್ಟಿಗೆಗಳನ್ನೇ ಕೋರ್ಟಿನ ಗೋಡೆಗೆ ಬಳಸಿದ್ದಾರೆ. ನಂಬರ್ ಫೋರ್ ಅನ್ನುವ ಭಾಗದಲ್ಲಿ 1908ರಲ್ಲಿ ಗಾಂಧೀಜಿ ಇದ್ದರು. 1962ರಲ್ಲಿ ಹಿಡಿದು ತಂದ ಮಂಡೇಲಾರನ್ನೂ ಇದೇ ಗುಡ್ಡದ ಜೈಲಿನಲ್ಲಿ ಇಟ್ಟಿದ್ದರು. ಸತ್ಯಾಗ್ರಹ ಶುರುವಾದದ್ದು ಇದೇ ಊರಿನಲ್ಲಿ, 1906ರ ಸೆಪ್ಟೆಂಬರ್ 11ರ ಸಭೆಯಲ್ಲಿ. ಶಸ್ತ್ರದ ದಾರಿ ಬೇಡ ಅಂದ ನಾಯ್ಕರ್, ಸಿಂಗ್ ಇಬ್ಬರೂ ಆ ಪರಂಪರೆಯವರು. ಆದರೆ ಅದೇ ಭಾರತೀಯ ಸಮುದಾಯದ ಹುಡುಗರು ಎಂಕೆಗೂ ಸೇರಿದರು. ಇಂದ್ರೇಸ್ ನಾಯ್ಡು ಮತ್ತು ಇನ್ನಿಬ್ಬರು 1963ರಲ್ಲಿ ರೈಲ್ವೆ ಸಿಗ್ನಲ್ಲಿಗೆ ಬಾಂಬ್ ಇಡಲು ಹೋಗಿ ಸಿಕ್ಕಿಬಿದ್ದು ರಾಬೆನ್ ದ್ವೀಪದಲ್ಲಿ ಹತ್ತು ವರ್ಷ ಕಳೆದರು.

ಕೋರ್ಟ್ ಕಟ್ಟಡ ನೋಡುವಾಗ ಒಂದು ವಿಷಯ ಮರೆಯಬೇಡಿ. ಈ ನ್ಯಾಯಾಲಯದ ಮೊದಲ ಅಧ್ಯಕ್ಷ ಆರ್ಥರ್ ಚಾಸ್ಕಲ್ಸನ್. ರಿವೋನಿಯಾ ಮೊಕದ್ದಮೆಯಲ್ಲಿ ಮಂಡೇಲಾ ಪರ ನಿಂತ ವಕೀಲರಲ್ಲಿ ಒಬ್ಬರು. 1995ರ ಜೂನ್ 6ರಂದು ಈ ನ್ಯಾಯಾಲಯ ಮರಣದಂಡನೆಯನ್ನೇ ತೆಗೆದುಹಾಕಿತು, ಮುಖ್ಯ ತೀರ್ಪು ಬರೆದವರು ಅವರೇ. ಹಿಂಸೆ ಬಗ್ಗೆ ಇಷ್ಟೆಲ್ಲ ವಾದ ಮಾಡಿದ ಜನ ಅಧಿಕಾರಕ್ಕೆ ಬಂದ ಹೊಸದರಲ್ಲೇ ಸರ್ಕಾರದ ಕೈಯಿಂದ ನೇಣಿನ ಹಗ್ಗ ಹೋಯಿತು. ನಮ್ಮ ದೇಶದಲ್ಲಿ ಅದು ಇನ್ನೂ ಇದೆ.

ಊಟ ಸುಮಾರು. ವೆಜ್ ಬೇಕು ಅಂತ ಹಿಂದಿನ ದಿನವೇ ಹೇಳಿದ್ದರೂ ಸಿಕ್ಕಿದ್ದು ಚಿಪ್ಸ್ ಮತ್ತು ಸಲಾಡ್. ಬೀನ್ಸ್ ಹಾಕಿದ ಬನ್ನಿ ಚೌ ಸಿಗುವ ಕಡೆ ನಿಲ್ಲಿಸಿ ಅಂತ ಕೇಳಿ, ಬ್ರೆಡ್ಡಿನ ಹೊಟ್ಟೆ ತೆಗೆದು ಸಾರು ತುಂಬಿ ಕೊಡುತ್ತಾರೆ, ಡರ್ಬನ್ ಭಾರತೀಯರ ಊಟ, ನಮ್ಮ ನಾಲಿಗೆಗೆ ಹಿಡಿಸುತ್ತದೆ. ಊಟದ ನಂತರ ಒಂದು ಕರಕುಶಲ ವಸ್ತುಗಳ ಅಂಗಡಿಗೆ ಕರೆದೊಯ್ದರು. ಕಾರ್ಯಕ್ರಮದ ಪಟ್ಟಿಯಲ್ಲಿ ಅದು ಇರಲಿಲ್ಲ. ಸುಮ್ನೆ ಒಂದು ಗಂಟೆ ಹೋಯಿತು. ನನ್ನ ದೂರು ಶುರುವಾಗುವುದು ಇಲ್ಲಿಂದ.

ಆ ಗಂಟೆ ಕಳೆದದ್ದು ಪ್ರಿಟೋರಿಯಾದ ಪಾಲಿನಿಂದ. ಚರ್ಚ್ ಸ್ಕ್ವೇರ್‌ನಲ್ಲಿ ಇಳಿಸಿದರು, ರಿವೋನಿಯಾ ಮೊಕದ್ದಮೆ ನಡೆದ ಪ್ಯಾಲೆಸ್ ಆಫ್ ಜಸ್ಟಿಸ್ ಮುಂದೆ ಫೋಟೋ ತೆಗೆಯಲು ಬಿಟ್ಟರು. ಚರ್ಚ್ ಸ್ಟ್ರೀಟ್‌ನಲ್ಲಿ ಬಾಂಬ್ ಸಿಡಿದ ಜಾಗವನ್ನು ವ್ಯಾನಿನಿಂದಲೇ ತೋರಿಸಿ ಹೊರಟುಬಿಟ್ಟರು. ರಸ್ತೆಗೆ ಈಗ ಬೇರೆ ಹೆಸರು ಬಂದಿದೆ, ಗೊತ್ತಿಲ್ಲದವರಿಗೆ ಅಲ್ಲಿ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಅಲ್ಲಿ ಆದದ್ದು ಇದು. 1983ರ ಮೇ 20, ಸಂಜೆ, ಆಫೀಸು ಬಿಡುವ ಹೊತ್ತು. ವಾಯುಪಡೆಯ ಮುಖ್ಯ ಕಚೇರಿ ಇದ್ದ ಕಟ್ಟಡದ ಮುಂದೆ ಎಂಕೆ ಇಟ್ಟ ಕಾರ್ ಬಾಂಬ್ ಸಿಡಿಯಿತು. 19 ಜನ ಸತ್ತರು, ಬಾಂಬ್ ತಂದ ಇಬ್ಬರೂ ಸೇರಿ. 200ಕ್ಕೂ ಹೆಚ್ಚು ಜನರಿಗೆ ಗಾಯ. ಸತ್ತವರಲ್ಲಿ ಸೈನ್ಯಕ್ಕೆ ಸಂಬಂಧವೇ ಇಲ್ಲದ ಜನ ಇದ್ದರು. ಹಿಂದಿನ ವರ್ಷ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸೈನ್ಯ ಪಕ್ಕದ ಲೆಸೋತೋ ದೇಶದ ಮಸೇರುವಿಗೆ ನುಗ್ಗಿ 42 ಜನರನ್ನು ಕೊಂದಿತ್ತು. ಅದೂ ರಾತ್ರಿ, ಮನೆಗಳಿಗೆ ನುಗ್ಗಿ. ಸಿಟ್ಟು ಎಲ್ಲಿಂದ ಬಂತು ಅನ್ನುವುದು ಅರ್ಥವಾಗುತ್ತದೆ. ಆದರೆ 1961ರ ಗೆರೆ ಅಳಿಸಿಹೋಗಿತ್ತು.

1980ರಲ್ಲಿ ಎಎನ್‌ಸಿ ಜಿನೀವಾ ಒಪ್ಪಂದದ ಯುದ್ಧನಿಯಮಗಳನ್ನು ಪಾಲಿಸುತ್ತೇವೆ ಅಂತ ಬರೆದುಕೊಟ್ಟಿತ್ತು, ಅದರ ನಾಯಕ ಆಲಿವರ್ ಟಾಂಬೊ ಸಹಿ ಹಾಕಿದ್ದರು. ಆ ಕಾಲದ ಹೋರಾಟಗಾರರು ಅದರ ಬಗ್ಗೆ ಹೆಮ್ಮೆ ಪಡುತ್ತಿದ್ದರು. 1982ರಲ್ಲಿ ಕೂಬರ್ಗ್ ಅಣುಸ್ಥಾವರಕ್ಕೆ ಬಾಂಬ್ ಇಟ್ಟಾಗಲೂ ಇಂಧನ ತುಂಬುವ ಮೊದಲೇ ಇಟ್ಟರು, ಯಾರೂ ಸಾಯಲಿಲ್ಲ. ಎರಡೂವರೆ ವರ್ಷ ಕಳೆಯುವ ಹೊತ್ತಿಗೆ, 1985ರ ಜೂನ್‌ನಲ್ಲಿ ಜಾಂಬಿಯಾದ ಕಾಬ್ವೆಯಲ್ಲಿ ಸಭೆ ಸೇರಿದಾಗ, ಸೈನಿಕ ಗುರಿ ಯಾವುದು, ಸಾಮಾನ್ಯ ಜನ ಯಾರು ಅನ್ನುವ ವ್ಯತ್ಯಾಸವನ್ನು ಸಡಿಲ ಬಿಡುವ ಮಾತು ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮಾಂಜಿಮ್‌ಟೋಟಿಯ ಅಂಗಡಿ ಸಂಕೀರ್ಣದಲ್ಲಿ ಬಾಂಬ್ ಸಿಡಿದು ಐದು ಜನ ಸತ್ತರು. ಕ್ರಿಸ್‌ಮಸ್ ಸಾಮಾನು ಕೊಳ್ಳಲು ಬಂದವರು. ಇಟ್ಟ ಹುಡುಗ ಆಂಡ್ರ್ಯೂ ಜೋಂಡೊಗೆ 19 ವರ್ಷ. ಮುಂದಿನ ವರ್ಷ ಅವನನ್ನು ನೇಣಿಗೆ ಹಾಕಿದರು.

ಇಷ್ಟನ್ನೂ ಗೈಡ್ ಹೇಳಿದ್ದು ಓಡುವ ವ್ಯಾನಿನಲ್ಲಿ, ನಾನು ಕೇಳಿದ್ದಕ್ಕೆ. ಕಾರ್ಯಕ್ರಮದಲ್ಲಿ ಇದಕ್ಕೆ ಜಾಗವೇ ಇಲ್ಲ. ಬೆಳಿಗ್ಗೆಯೆಲ್ಲ ಶಸ್ತ್ರ ಯಾಕೆ ಹಿಡಿದರು ಅನ್ನುವುದನ್ನು ಕೇಳಿಸಿ, ಶಸ್ತ್ರದಿಂದ ಏನಾಯಿತು ಅನ್ನುವ ಜಾಗದಲ್ಲಿ ವ್ಯಾನ್ ನಿಲ್ಲಿಸದಿದ್ದರೆ ಅರ್ಧ ಕಥೆ ಹೇಳಿದ ಹಾಗೆ. ಸತ್ತವರಿಗೆ ಅನ್ಯಾಯ, ಹೋರಾಟಗಾರರಿಗೂ ಅನ್ಯಾಯ. ಏಕೆಂದರೆ ಅವರು ಇದನ್ನು ಮುಚ್ಚಿಡಲಿಲ್ಲ. ವರ್ಣಭೇದ ಹೋದ ಮೇಲೆ ಎರಡೂ ಕಡೆಯವರ ಅಪರಾಧಗಳನ್ನು ವಿಚಾರಿಸಲು ಮಾಡಿದ ಸತ್ಯ ಮತ್ತು ಸಾಮರಸ್ಯ ಆಯೋಗದ ಮುಂದೆ ಬಂದು ಹೇಳಿದರು. ಚರ್ಚ್ ಸ್ಟ್ರೀಟ್ ಬಾಂಬ್ ಯೋಜಿಸಿದ ಅಬೂಬಕರ್ ಇಸ್ಮಾಯಿಲ್ 1998ರಲ್ಲಿ ಆಯೋಗಕ್ಕೆ ಬಂದು ಸಾಮಾನ್ಯ ಜನ ಸತ್ತದ್ದಕ್ಕೆ ವಿಷಾದ ಹೇಳಿದರು. ಆ ಸ್ಫೋಟದಲ್ಲಿ ಎರಡೂ ಕಣ್ಣು ಕಳೆದುಕೊಂಡ ವಾಯುಪಡೆಯ ಅಧಿಕಾರಿ ಅಲ್ಲೇ ಇದ್ದರು, ಇಬ್ಬರೂ ಕೈ ಕುಲುಕಿದರು. ಇಂಥದ್ದೊಂದು ಘಟನೆಯನ್ನು ಹೇಳದೆ ಅಂಗಡಿಗೆ ಕರೆದೊಯ್ಯುವುದು ಸರಿಯಾ?

ಅದೇ 1998ರ ಅಕ್ಟೋಬರ್‌ನಲ್ಲಿ ಇನ್ನೊಂದೂ ಆಯಿತು. ವರ್ಣಭೇದ ಸರ್ಕಾರದ ಅಪರಾಧ ಬಹಳ ದೊಡ್ಡದು, ಆದರೆ ಎಎನ್‌ಸಿ ಕೂಡ ಮಾನವ ಹಕ್ಕುಗಳನ್ನು ಉಲ್ಲಂಘಿಸಿದೆ ಅಂತ ಆಯೋಗದ ವರದಿ ಬರೆಯಿತು. ಆಗ ಅಧಿಕಾರದಲ್ಲಿದ್ದ ಎಎನ್‌ಸಿ ವರದಿ ಹೊರಬರದಂತೆ ತಡೆಯಲು ಕೋರ್ಟಿಗೆ ಹೋಯಿತು. ಸೋತಿತು. ಆಯೋಗದ ಅಧ್ಯಕ್ಷ ಡೆಸ್ಮಂಡ್ ಟುಟು ಜಗ್ಗಲಿಲ್ಲ. ನ್ಯಾಯಕ್ಕಾಗಿ ಹೋರಾಡಿದವರು ಮಾಡಿದ ತಪ್ಪನ್ನೂ ತಪ್ಪು ಅಂತ ಬರೆಯುವ ಧೈರ್ಯ ನನಗೆ ಇಡೀ ಕಥೆಯಲ್ಲಿ ಅತಿ ಹೆಚ್ಚು ಇಷ್ಟವಾದದ್ದು.

ಪೂರ್ತಿ ಬೇರೆ ಗುಂಪಿನ ಒಬ್ಬರ ವಿಷಯವನ್ನೂ ಗೈಡ್ ಹೇಳಿದರು. ಜಾನ್ ಹ್ಯಾರಿಸ್, ಬಿಳಿಯ ಶಿಕ್ಷಕ. 1964ರ ಜುಲೈ 24ರಂದು ಜೋಹಾನ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ಬಾಂಬ್ ಇಟ್ಟು, ಜನರನ್ನು ಹೊರಗೆ ಕಳಿಸಿ ಅಂತ ಫೋನ್ ಮಾಡಿ ಎಚ್ಚರಿಸಿದರು. ಯಾರೂ ಜನರನ್ನು ಹೊರಗೆ ಕಳಿಸಲಿಲ್ಲ. ಒಬ್ಬ ಅಜ್ಜಿ ಸತ್ತರು, 20ಕ್ಕೂ ಹೆಚ್ಚು ಜನರಿಗೆ ಗಾಯ. 1965ರ ಏಪ್ರಿಲ್ 1ರಂದು ಹ್ಯಾರಿಸ್‌ಗೆ ನೇಣು. ಯಾರೂ ಸಾಯಬಾರದು ಅನ್ನುವ ಉದ್ದೇಶ ನಿಜವೇ ಇರಬಹುದು. ಆದರೆ ಬಾಂಬ್ ಇಟ್ಟ ಮೇಲೆ ಜೀವ ಉಳಿಸುವ ಕೆಲಸವನ್ನು ತಾನು ನಂಬದ ಅದೇ ಪೊಲೀಸರಿಗೆ ಬಿಟ್ಟ ಹಾಗಾಯಿತು, ಅಲ್ವಾ?

ನಾನು ಮಂಡೇಲಾ ಅಭಿಮಾನಿ, ಈಗಲೂ. 1985ರಲ್ಲಿ ಹಿಂಸೆ ಬಿಡುತ್ತೇನೆ ಅಂತ ಹೇಳಿದರೆ ಬಿಡುಗಡೆ ಮಾಡುತ್ತೇನೆ ಅಂತ ಅಧ್ಯಕ್ಷ ಬೋಥಾ ಹೇಳಿದರು. ಮಂಡೇಲಾ ಒಪ್ಪಲಿಲ್ಲ. ಮೊದಲು ನೀವು ಹಿಂಸೆ ಬಿಡಿ ಅನ್ನುವ ಉತ್ತರವನ್ನು ಮಗಳು ಜಿಂಜಿ ಸೊವೆಟೊದ ಮೈದಾನದಲ್ಲಿ ಓದಿದಳು. ಈ ಹಟಕ್ಕೆ ಬೆಲೆ ಕೊಟ್ಟಿದ್ದರು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ 1964ರಲ್ಲೇ ಇವರನ್ನು ತನ್ನ ಆತ್ಮಸಾಕ್ಷಿಯ ಕೈದಿಗಳ ಪಟ್ಟಿಯಲ್ಲಿ ಇಟ್ಟುಕೊಳ್ಳುವುದಿಲ್ಲ ಅಂದಿತ್ತು, ಹಿಂಸೆಯನ್ನು ಬೆಂಬಲಿಸಿದ್ದಾರೆ ಅನ್ನುವ ಕಾರಣಕ್ಕೆ. ಅಮೆರಿಕದ ಭಯೋತ್ಪಾದಕರ ನಿಗಾ ಪಟ್ಟಿಯಿಂದ ಇವರ ಹೆಸರು ಹೋದದ್ದು 2008ರಲ್ಲಿ, 90 ವರ್ಷ ತುಂಬುವ ಹೊತ್ತಿಗೆ. ಇವನ್ನೆಲ್ಲ ಬಿಟ್ಟು ಬರಿ ನಗುವ ಅಜ್ಜನನ್ನು ಉಳಿಸಿಕೊಂಡರೆ ನಾವು ಅವರನ್ನು ಅರ್ಥ ಮಾಡಿಕೊಂಡ ಹಾಗಾಗುವುದಿಲ್ಲ.

ವಾಪಸ್ ಬರುವ ದಾರಿಯಲ್ಲಿ ನಿಮ್ಮ ದೇಶದಲ್ಲಿ ಹೀಗೆ ಆಗಿಲ್ಲವಾ ಅಂತ ಗೈಡ್ ಕೇಳಿದರು. ಮೈಲಾರ ಮಹದೇವಪ್ಪನ ವಿಷಯ ಹೇಳಿದೆ. ನಮ್ಮ ಹಾವೇರಿ ಕಡೆಯ ಮೋಟೆಬೆನ್ನೂರಿನ ಹುಡುಗ, ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದವನು. ಅದೇ ಮನುಷ್ಯ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ಇದ್ದ ಜಾಗದ ಮೇಲೆ ದಾಳಿ ಮಾಡುವಾಗ ಗುಂಡಿಗೆ ಬಿದ್ದ, ಜೊತೆಗೆ ಇನ್ನಿಬ್ಬರು. ತಂತಿ ಕತ್ತರಿಸುವುದು, ಅಂಚೆ ಕಚೇರಿ ಸುಡುವುದು ಹಿಂಸೆಯಾ ಅನ್ನುವ ವಾದ ನಮ್ಮಲ್ಲೂ 1942ರಲ್ಲಿ ಜೋರಾಗಿ ನಡೆಯಿತು. ಜೈಲಿನಿಂದ ಬಂದ ಗಾಂಧೀಜಿ ಇದನ್ನು ಒಪ್ಪಲಿಲ್ಲ, ಭೂಗತರಾದವರು ಹೊರಗೆ ಬನ್ನಿ ಅಂದರು. ಶಿಕಾರಿಪುರ ತಾಲೂಕಿನ ಈಸೂರಿನಲ್ಲಿ ಆಸ್ತಿಯ ಗೆರೆಯೂ ದಾಟಿತು, ಅಮಲ್ದಾರ್ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು, ಐದು ಜನರಿಗೆ ಗಲ್ಲಾಯಿತು. ಸತ್ತ ಆ ಇಬ್ಬರೂ ನಮ್ಮವರೇ, ಕನ್ನಡದವರೇ, ಕೆಲಸಕ್ಕೆ ಬಂದವರು. ನಾವು ಈಸೂರಿನ ಘೋಷಣೆ ನೆನಪಿಟ್ಟುಕೊಂಡಿದ್ದೇವೆ, ಈ ಇಬ್ಬರ ವಿಷಯ ಯಾವತ್ತೂ ಮಾತಾಡುವುದಿಲ್ಲ. ಇದನ್ನು ಹೇಳಿದಾಗ ಗೈಡ್, ಹಾಗಾದರೆ ನಿಮಗೂ ಆಯೋಗ ಬೇಕಿತ್ತು ಅಂದರು.

ಈಗ ಬುಕ್ ಮಾಡುವವರಿಗೆ. ಗುಂಪು ಚಿಕ್ಕದಿರಲಿ, ಎಂಟು ಜನರ ಮೇಲಾದರೆ ಪ್ರಶ್ನೆ ಕೇಳಲು ಆಗುವುದಿಲ್ಲ. ಮಧ್ಯೆ ಅಂಗಡಿಗೆ ನಿಲ್ಲಿಸಬೇಡಿ ಅಂತ ಬುಕ್ ಮಾಡುವಾಗಲೇ ಬರೆದು ಕಳಿಸಿ. ಚರ್ಚ್ ಸ್ಟ್ರೀಟ್ ಬಾಂಬ್ ಜಾಗದಲ್ಲಿ ಇಳಿಯಬೇಕು ಅಂತ ಹೇಳಿ, ಸಾಧ್ಯವಾದರೆ ಪ್ರಿಟೋರಿಯಾದ ಫ್ರೀಡಂ ಪಾರ್ಕ್ ಕೂಡ ಸೇರಿಸಿಕೊಳ್ಳಿ, ಅಲ್ಲಿ ಗೋಡೆಯ ಮೇಲೆ ದೇಶದ ಯುದ್ಧಗಳಲ್ಲಿ, ಸ್ವಾತಂತ್ರ್ಯ ಹೋರಾಟದಲ್ಲಿ ಸತ್ತವರ ಹೆಸರುಗಳಿವೆ. ಗೈಡ್ ಸ್ಥಳೀಯರಾಗಿರಲಿ, ಆ ದಿನಗಳನ್ನು ಕಂಡ ವಯಸ್ಸಿನವರಾದರೆ ಇನ್ನೂ ಒಳ್ಳೆಯದು, ಅಂಥವರು ಕಡಿಮೆ ಆಗುತ್ತಿದ್ದಾರೆ. ಹೈಸ್ಕೂಲ್ ಮಕ್ಕಳನ್ನು ಧಾರಾಳವಾಗಿ ಕರೆದುಕೊಂಡು ಹೋಗಿ, ಚಿಕ್ಕವರಿಗೆ ಜೈಲಿನ ಭಾಗ ಭಾರವಾಗುತ್ತದೆ. ಜೂನ್ ಜುಲೈ ಅಲ್ಲಿ ಚಳಿಗಾಲ, ಬೆಳಿಗ್ಗೆ ಸ್ವೆಟರ್ ಇಲ್ಲದೆ ಲಿಲೀಸ್‌ಲೀಫ್ ಅಂಗಳದಲ್ಲಿ ನಿಲ್ಲಲಾಗದು. ಅಂಗಡಿಯಲ್ಲಿ ಹೋದ ಹೊತ್ತಿನ ಬಗ್ಗೆ ನಾನು ಕಂಪನಿಗೆ ಬರೆದಿದ್ದೇನೆ, ಸ್ವಲ್ಪ ಹಣ ವಾಪಸ್ ಕೊಡುತ್ತೇವೆ ಅಂದಿದ್ದಾರೆ. ಹಣ ಬೇಡ, ಮುಂದಿನ ಗುಂಪನ್ನು ಚರ್ಚ್ ಸ್ಟ್ರೀಟ್‌ನಲ್ಲಿ ಇಳಿಸಿ ಅಂತ ಉತ್ತರ ಕೊಟ್ಟಿದ್ದೇನೆ.